ಫಿಲ್ಮಿನ ಮೂಲೆಯ ಬೆರಳು

ದೊಡ್ಡಾಸ್ಪತ್ರೆಯ ನೆಲಮಹಡಿಯಲ್ಲಿ, ಸೀಸದ ಹಾಳೆ ಹೊಡೆದ ದಪ್ಪ ಬಾಗಿಲಿನ ಹಿಂದೆ ಹದಿನಾರು ವರ್ಷದಿಂದ ಎಕ್ಸ್‌ರೇ ತೆಗೆಯುತ್ತಿದ್ದವಳನ್ನು ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರೂ ಫಿಲ್ಮಕ್ಕ ಎಂದೇ ಕರೆಯುತ್ತಿದ್ದರು. ಆಗಿನ್ನೂ ಎಕ್ಸ್‌ರೇ ಕಂಪ್ಯೂಟರಿನ ಪರದೆಯ ಮೇಲೆ ಬರುತ್ತಿರಲಿಲ್ಲ. ಕತ್ತಲೆ ಕೋಣೆಯಲ್ಲಿ ಫಿಲ್ಮನ್ನು ತೊಳೆದು, ಒಣಗಿಸಿ, ಬೆಳಕಿಗೆ ಹಿಡಿದು ನೋಡುವ ಕಾಲ ಅದು.

ಫಿಲ್ಮಕ್ಕನಿಗೆ ಒಂದು ಅಭ್ಯಾಸವಿತ್ತು. ಮೇಜಿನ ಮೇಲೆ ಮಲಗಿದವರನ್ನು ಎಡಗಾಲೋ ಬಲಗಾಲೋ ಎಂದು ಮೂರು ಸಲ ಕೇಳುತ್ತಿದ್ದಳು. ಡಾಕ್ಟರು ಚೀಟಿಯಲ್ಲಿ ಬರೆದಿದ್ದರೂ ಸರಿ, ಕಾಲು ಕುಂಬಳಕಾಯಿಯ ಹಾಗೆ ಊದಿಕೊಂಡು ತಾನೇ ಸಾಕ್ಷಿ ಹೇಳುತ್ತಿದ್ದರೂ ಸರಿ. ಮನೆಯಲ್ಲೂ ಅಷ್ಟೇ. ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿ, ಬಸ್ ಸ್ಟಾಪಿನವರೆಗೆ ಹೋಗಿ, ಮನಸ್ಸು ತಡೆಯದೆ ವಾಪಸ್ ಬಂದು ಮೂರನೇ ಸಲ ಜಗ್ಗುತ್ತಿದ್ದಳು. ಅವಳ ಗಂಡ ಸಿಟಿ ಬಸ್ಸಿನ ಡ್ರೈವರು, ನಿಧಾನದ ಮನುಷ್ಯ. ನೀನು ಜಗ್ಗಿ ಜಗ್ಗಿ ಸವೆಸಿದ ಬೀಗವನ್ನು ಮುರಿಯೋದಕ್ಕೆ ಕಳ್ಳನಿಗೂ ಮನಸ್ಸು ಬರಲ್ಲ ಎಂದು ರೇಗಿಸುತ್ತಿದ್ದ.

ಇಂಥವಳು ಅಕ್ಷರ ತಪ್ಪಿಟ್ಟಿದ್ದಾಳೆ ಎಂದು ಯಾರಾದರೂ ಹೇಳಿದ್ದರೆ ಆಸ್ಪತ್ರೆಯಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ನಂಬಿದ್ದರೆ ಫಿಲ್ಮಕ್ಕ ಒಬ್ಬಳೇ.

ಹೇಳಿದವರು ಸರ್ಕಾರಿ ವಕೀಲೆ. ಕೋರ್ಟಿನ ಮೆಟ್ಟಿಲ ಕೆಳಗಿದ್ದ ಅವರ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಎದೆಮಟ್ಟದ ಫೈಲುಗಳು. ಬಾಯಲ್ಲಿ ಪೆನ್ನಿನ ಮುಚ್ಚಳ ಕಚ್ಚಿಕೊಂಡೇ ಮಾತಾಡುವ ಹೆಂಗಸು. ನಾಡಿದ್ದು ಸಾಕ್ಷಿ ಹೇಳಬೇಕು, ಅದಕ್ಕೆ ಮೊದಲು ಒಮ್ಮೆ ಬಂದುಹೋಗಿ ಎಂದು ಕರೆಸಿಕೊಂಡವರು, ಫೈಲಿನಿಂದ ಒಂದು ಫಿಲ್ಮಿನ ನಕಲನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು.

"ಇದು ಯಾವ ಅಕ್ಷರ ಮೇಡಂ?"

ಫಿಲ್ಮಕ್ಕ ನೋಡಿದಳು. ಮೂರು ಸಲ ನೋಡಿದಳು.

ಎಕ್ಸ್‌ರೇ ತೆಗೆಯುವವರ ಬಳಿ ಸೀಸದ ಎರಡು ಪುಟ್ಟ ಅಕ್ಷರಗಳಿರುತ್ತವೆ. ಎಡಗೈ, ಎಡಗಾಲಿಗೆ ‘ಎಲ್’, ಬಲಕ್ಕೆ ‘ಆರ್’. ಕಿರಣ ಸೀಸವನ್ನು ದಾಟುವುದಿಲ್ಲವಾದ್ದರಿಂದ ಅಕ್ಷರ ಫಿಲ್ಮಿನ ಮೇಲೆ ಬೆಳ್ಳಗೆ ಮೂಡುತ್ತದೆ. ಮೂಳೆ ಯಾವ ಕಡೆಯದು ಎಂದು ಎಲ್ಲರೂ ನೋಡುವುದು ಆ ಅಕ್ಷರದಿಂದಲೇ. ಚೀಟಿಯಲ್ಲಿ ‘ಏಳು ವರ್ಷದ ಹುಡುಗಿ, ಎಡ ಮುಂಗೈ’ ಎಂದಿತ್ತು. ಆಸ್ಪತ್ರೆಯ ರಿಜಿಸ್ಟರಿನಲ್ಲೂ ಎಡ ಎಂದೇ ಇತ್ತು. ಫಿಲ್ಮಿನ ಮೇಲೆ ಮಾತ್ರ ಎದ್ದು ಕಾಣುವ ಹಾಗೆ ‘ಆರ್’ ನಿಂತಿತ್ತು.

ವಕೀಲೆ ಬೈಯಲಿಲ್ಲ. ಬೈದಿದ್ದರೆ ಫಿಲ್ಮಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ವಿವರಿಸಿದರು, ಅದೇ ಕಷ್ಟವಾಯಿತು.

ಕೇಸು ಒಂದು ಮಕ್ಕಳ ಹಾಸ್ಟೆಲಿನ ವಾರ್ಡನ್ ಮೇಲಿನದು. ಹುಡುಗಿ ಹಾಸಿಗೆ ಒದ್ದೆ ಮಾಡಿಕೊಂಡಳು ಎಂದು ಅವನು ದಪ್ಪ ರೂಲರಿನಿಂದ ಹೊಡೆದ; ತಲೆ ಉಳಿಸಿಕೊಳ್ಳಲು ಅವಳು ಎಡಗೈ ಅಡ್ಡ ಹಿಡಿದಳು; ಮುಂಗೈಯ ಮೂಳೆ ಮುರಿಯಿತು. ಹುಡುಗಿ ಇದನ್ನು ಕೋರ್ಟಿನಲ್ಲಿ ಪರದೆಯ ಹಿಂದೆ ಕೂತು ಹೇಳಿದ್ದಳು. ಅವಳು ಮೆಟ್ಟಿಲಿನಿಂದ ಬಿದ್ದಳು ಎಂದು ವಾರ್ಡನ್ ಹೇಳಿದ್ದ. ಯಾರ ಮಾತು ನಿಜವೆಂದು ಹೇಳಬೇಕಾದದ್ದು ಫಿಲ್ಮು. ಅದರಲ್ಲಿ ಹೊಸ ಮುರಿತದ ಪಕ್ಕದಲ್ಲೇ ಅರ್ಧ ಕೂಡಿಕೊಂಡ ಹಳೆಯ ಮುರಿತವೊಂದಿತ್ತು. ಮೂಳೆ ಡಾಕ್ಟರು ಅದಕ್ಕೆ ಐದಾರು ವಾರ ಆಗಿದೆ ಎಂದಿದ್ದರು. ಒಂದೇ ಜಾಗಕ್ಕೆ ಎರಡು ಸಲ ಪೆಟ್ಟು ಬಿದ್ದಿದೆ, ಮೊದಲನೆಯದಕ್ಕೆ ಆಸ್ಪತ್ರೆಯನ್ನೇ ತೋರಿಸಿಲ್ಲ. ಮೆಟ್ಟಿಲು ಹಾಗೆ ಕಾದು ಕೂತು ಹೊಡೆಯುವುದಿಲ್ಲ.

ಈಗ ವಾರ್ಡನ್ನಿನ ವಕೀಲರು ಹಿಡಿದಿದ್ದು ಆ ‘ಆರ್’ ಅಕ್ಷರವನ್ನು. ಅದೇ ದಿನ ಬೆಳಿಗ್ಗೆ ಅದೇ ಕೋಣೆಯಲ್ಲಿ ಇನ್ನೊಂದು ಮಗುವಿನ ಬಲಗೈಗೂ ಎಕ್ಸ್‌ರೇ ಆಗಿತ್ತು. ಇದು ಆ ಮಗುವಿನ ಫಿಲ್ಮು, ಹುಡುಗಿಯ ಹೆಸರಿನ ಚೀಟಿಯನ್ನು ಅದರ ಮೇಲೆ ಅಂಟಿಸಿದ್ದಾರೆ, ಅಷ್ಟೇ ಎಂದು ಅವರ ವಾದ. ಆ ಮಗುವಿನ ಫಿಲ್ಮನ್ನು ಮನೆಯವರು ಒಯ್ದು ಎಲ್ಲೋ ಕಳೆದುಕೊಂಡಿದ್ದರು. ಹುಡುಗಿಯ ಕೈಗೆ ಈಗ ಹೊಸದಾಗಿ ಎಕ್ಸ್‌ರೇ ತೆಗೆದರೂ ಪ್ರಯೋಜನವಿಲ್ಲ. ವರ್ಷ ದಾಟಿತ್ತು, ಎಳೆ ಮೂಳೆ ಗುರುತೂ ಉಳಿಯದ ಹಾಗೆ ಕೂಡಿಕೊಂಡಿತ್ತು.

"ಈ ಫಿಲ್ಮು ಹೋದ್ರೆ ಉಳಿಯೋದು ಮಗುವಿನ ಮಾತು ಒಂದೇ," ಎಂದರು ವಕೀಲೆ. "ಮಗುವಿನ ಮಾತೇ ಸಾಕು ಅನ್ನೋದು ನನ್ನ ವಾದ. ಆದ್ರೆ ಅವನು ಬಿಡುಗಡೆ ಆಗ್ಲಿ ಅಂತ ಹಾಸ್ಟೆಲಿನವರು ಅವನ ಕುರ್ಚಿ ಖಾಲಿ ಇಟ್ಕೊಂಡು ಕಾಯ್ತಿದಾರೆ. ನಲವತ್ತೆರಡು ಮಕ್ಕಳಿದಾರೆ ಅಲ್ಲಿ. ನಿಮಗೆ ಆ ದಿನದ್ದು ಏನಾದ್ರೂ ನೆನಪಿದ್ಯಾ?"

ಏನೂ ನೆನಪಿಲ್ಲ ಎಂದಳು ಫಿಲ್ಮಕ್ಕ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು. ತಲೆಯಲ್ಲಿ ಆ ಅಕ್ಷರ ಬಿಟ್ಟು ಬೇರೆ ಏನೂ ಇರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮೇಲಿನ ಕಂಬಿ ಹಿಡಿದು ನಿಂತಳು. ಬಸ್ಸು ಜೋಲಿ ಹೊಡೆದಾಗ ತಲೆ ಎತ್ತಿ ನೋಡಿದರೆ, ಕಂಬಿಯ ಮೇಲೆ ಅವಳದೇ ಎಡಗೈಯ ಕಿರುಬೆರಳು ಉಳಿದವುಗಳ ಜೊತೆ ಸೇರದೆ ಕೊಕ್ಕೆಯ ಹಾಗೆ ಹೊರಗೆ ನಿಂತಿತ್ತು.

ಆ ಬೆರಳಿಗೂ ಒಂದು ಕಥೆಯಿತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ಹಗಲು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿದು, ಸಂಜೆ ಎಕ್ಸ್‌ರೇ ಕೋರ್ಸಿನ ಕ್ಲಾಸಿಗೆ ಓಡುತ್ತಿದ್ದಳು. ಪರೀಕ್ಷೆಯ ಹಿಂದಿನ ವಾರ ಪಾಠ ಬಾಯಿಪಾಠ ಮಾಡುತ್ತಾ ಹಾಳೆ ಇಡುವಾಗ ಯಂತ್ರದಲ್ಲಿ ಬೆರಳು ಸಿಕ್ಕಿಕೊಂಡಿತು. ಡಾಕ್ಟರು ಒಳಗೆ ಸಣ್ಣ ಸ್ಟೀಲ್ ತಂತಿ ಹಾಕಿ ಜೋಡಿಸಿದರು. ಬೆರಳು ಉಳಿಯಿತು, ಸೊಟ್ಟಗಾಗಿ ಉಳಿಯಿತು.

ಬೆರಳನ್ನು ನೋಡಿದ್ದೇ ತಡ, ಆ ದಿನವೆಲ್ಲ ಒಂದೇ ಸಲಕ್ಕೆ ಕಣ್ಮುಂದೆ ಬಂತು. ಇಳಿಯಬೇಕಾದ ಸ್ಟಾಪು ಹಿಂದೆ ಹೋದದ್ದು ಅವಳಿಗೆ ತಿಳಿಯಲಿಲ್ಲ.

ಅವತ್ತು ಮಧ್ಯಾಹ್ನ ವಾರ್ಡನ್ ಹುಡುಗಿಯನ್ನು ಕರೆತಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮೆತ್ತನೆಯ ಮಾತು. ಮಗು ಹೇಗೆ ಬಿತ್ತು ಎಂದು ಕೇಳುವ ಮೊದಲೇ, ಎಲ್ಲವನ್ನೂ ಬರವಣಿಗೆಯಲ್ಲಿ ತಂದಿದ್ದೇನೆ ಎಂದು ಟೈಪ್ ಮಾಡಿದ ಹಾಳೆಯೊಂದನ್ನು ಮುಂದಿಟ್ಟ. ಸಣ್ಣ ಮಕ್ಕಳು ಅಲ್ಲಾಡದ ಹಾಗೆ ಹಿಡಿದುಕೊಳ್ಳಬೇಕಾದವರು ಜೊತೆಯಲ್ಲಿ ಬಂದವರು. ಅದಕ್ಕೆ ಸೀಸದ ಅಂಗಿಯನ್ನೂ ಕೈಗವಸನ್ನೂ ಕೊಡುತ್ತಾರೆ. ಕೋಣೆಯಲ್ಲಿ ಕೆಲಸ ಮಾಡುವವರು ಮಾತ್ರ ಎಂದೂ ಕಿರಣದೊಳಗೆ ಕೈ ಇಡಬಾರದು. ಇದು ಸಂಜೆ ಕ್ಲಾಸಿನ ಮೊದಲ ದಿನವೇ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಎರಡು ಗೆರೆ ಎಳೆದಿದ್ದ ನಿಯಮ.

ಫಿಲ್ಮಕ್ಕ ಸೀಸದ ಅಂಗಿಯನ್ನು ವಾರ್ಡನ್‌ಗೆ ಕೊಟ್ಟಳು. ಅವನು ಅದನ್ನು ತೊಟ್ಟು ಮೇಜಿನ ಹತ್ತಿರ ಬಂದ. ಅಷ್ಟು ವರ್ಷದಲ್ಲಿ ಅವಳು ಅತ್ತ ಮಕ್ಕಳನ್ನೂ ಒದ್ದ ಮಕ್ಕಳನ್ನೂ ಕಚ್ಚಿದ ಮಕ್ಕಳನ್ನೂ ನೋಡಿದ್ದಳು. ಈ ಹುಡುಗಿ ಅದೇನನ್ನೂ ಮಾಡಲಿಲ್ಲ. ಅವನು ಹತ್ತಿರ ಬಂದಂತೆ ಉಸಿರು ಬಿಗಿಹಿಡಿದು, ಮೇಜಿನ ಮೇಲೆ ಹಲಗೆಯ ಹಾಗೆ ಮಲಗಿಬಿಟ್ಟಳು. ಮೂಳೆ ಮುರಿದ ಮಗು ಅಷ್ಟು ಸುಮ್ಮನಿರಬಾರದು.

ನೀವು ಹೊರಗಿರಿ ಎಂದು ಬಾಯಿಂದ ಬಂದುಬಿಟ್ಟಿತು. ನಿಯಮದ ಪ್ರಕಾರ ನಾನು ಹಿಡಿಯಬೇಕಲ್ಲವೇ ಎಂದು ಅವನು ಕೇಳಿದ. ಅವಳು ಸೀಸದ ಅಂಗಿ ಬಿಚ್ಚಿಸಿಕೊಂಡು, ಅವನ ಮುಖದ ಮೇಲೆಯೇ ಬಾಗಿಲು ಹಾಕಿಕೊಂಡಳು. ಆಮೇಲೆ ಆ ಅಂಗಿಯನ್ನು ತಾನೇ ತೊಟ್ಟು, ಗವಸು ಹಾಕಿದರೆ ಮಗು ಬೆಚ್ಚುತ್ತದೆಂದು ಬರಿಗೈಯಲ್ಲೇ ಅವಳ ಬೆರಳ ತುದಿಗಳನ್ನು ಹಿಡಿದಳು. ಆಗ ಹುಡುಗಿ ಉಸಿರು ಬಿಟ್ಟಳು. ಎಡಗೈ ತಾನೇ ಪುಟ್ಟಾ ಎಂದು ಫಿಲ್ಮಕ್ಕ ಮೂರು ಸಲ ಕೇಳಿದಳು, ಅವಳು ಮೂರು ಸಲವೂ ತಲೆಯಾಡಿಸಿದಳು. ಕಣ್ಣು ಮಗುವಿನ ಮುಖದ ಮೇಲೆಯೇ ಇಟ್ಟುಕೊಂಡು, ಬಲಗೈಯನ್ನು ಹಿಂದಕ್ಕೆ ಚಾಚಿ, ಡಬ್ಬಿಯಿಂದ ಕೈಗೆ ಸಿಕ್ಕ ಅಕ್ಷರವನ್ನು ತೆಗೆದಿಟ್ಟಳು. ಹಳೆಯ ಯಂತ್ರ, ಸುರುಳಿ ವಯರಿನ ಸ್ವಿಚ್ಚು ಮೇಜಿನವರೆಗೂ ಎಳೆದರೆ ಬರುತ್ತಿತ್ತು. ಒತ್ತಿದಳು.

ಫಿಲ್ಮು ತೊಳೆದು ಬೆಳಕಿಗೆ ಹಿಡಿದಳು. ಕೆಳಗಿನ ಮೂಲೆಯಲ್ಲಿ, ಮಗುವಿನ ಸಣ್ಣ ಬೆರಳುಗಳಿಗೆ ತಾಗಿಕೊಂಡು, ಅವಳ ಸೊಟ್ಟ ಬೆರಳು ತಂತಿಯ ಸಮೇತ ಮೂಡಿತ್ತು. ಯಾರು ನೋಡಿದರೂ ಹೇಳುತ್ತಾರೆ, ಇದು ಫಿಲ್ಮಕ್ಕನ ಬೆರಳು, ಇಷ್ಟು ವರ್ಷದ ಸರ್ವಿಸಿನವಳು ಕಿರಣದೊಳಗೆ ಕೈ ಇಟ್ಟಿದ್ದಾಳೆ ಎಂದು. ಎರಡನೇ ಸಲ ತೆಗೆದರೆ ಮಗುವಿಗೆ ಇನ್ನಷ್ಟು ನೋವು. ಹೆಸರಿನ ಚೀಟಿಯನ್ನು ಎಂದಿನಂತೆ ಮೇಲೆ ಅಂಟಿಸುವ ಬದಲು ಕೆಳಗಿನ ಆ ಮೂಲೆಗೆ ಒತ್ತಿ ಅಂಟಿಸಿದಳು. ಬೆರಳು ಮುಚ್ಚಿಹೋಯಿತು. ಬೆರಳಿನ ಗಾಬರಿಯಲ್ಲಿ ಅಕ್ಷರವನ್ನು ನೋಡಲೇ ಇಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ತನ್ನ ಮೇಲೆ ತಾನೇ ಇನ್ನೂ ನಾಲ್ಕು ಆರೋಪ ಹೊರಿಸಿಕೊಂಡಳು. ಬೆರಳಿನ ವಿಷಯ ಹೇಳಿದರೆ ಕೆಲಸಕ್ಕೆ ಕುತ್ತು. ಚೀಟಿ ಅಂಟಿಸಿ ಮುಚ್ಚಿದೆ ಎಂದರೆ ಸಾಕ್ಷಿ ತಿದ್ದಿದವಳು ಎಂಬ ಹೆಸರು. ಹೇಳದಿದ್ದರೆ ಅವನು ಬಿಳಿ ಅಂಗಿ ಹಾಕಿಕೊಂಡು ಮತ್ತೆ ಆ ಕುರ್ಚಿಯಲ್ಲಿ ಕೂರುತ್ತಾನೆ. ಹೇಳಿದರೂ ನಂಬುತ್ತಾರೆಂದು ಏನು ಗ್ಯಾರಂಟಿ?

ಗಂಡ ಊಟ ಮುಗಿಸಿ ತಟ್ಟೆ ಪಕ್ಕಕ್ಕೆ ಸರಿಸಿದ.

"ನೋಡು, ರಸ್ತೆಗೆ ಮಗು ಅಡ್ಡ ಬಂದಾಗ ನಾನು ಬ್ರೇಕ್ ಒತ್ತಿದ್ರೆ ಒಳಗಿರೋ ಪ್ಯಾಸೆಂಜರೆಲ್ಲ ಮುಗ್ಗರಿಸಿ ನನ್ನೇ ಬೈತಾರೆ," ಎಂದ. "ಬೈಸ್ಕೋತೀನಿ. ಬೈಸ್ಕೊಳ್ಳೋದೂ ಕೆಲಸದಲ್ಲಿ ಸೇರಿದ್ದೇ ಅಂದ್ಕೊಂಡಿದೀನಿ."

"ನಿಮಗೇನ್ರೀ, ಬೈಗುಳ ಎಮ್ಮೆ ಮೇಲೆ ಮಳೆ ಬಿದ್ದ ಹಾಗೆ."

"ಹೌದು ಕಣೇ. ನೀನೂ ಸ್ವಲ್ಪ ದಿನ ಎಮ್ಮೆ ಆಗು."

ಸಾಕ್ಷಿಯ ದಿನ ಬೆಳಿಗ್ಗೆ ಅವಳು ಕೋರ್ಟಿನ ಬಾಗಿಲು ತೆರೆಯುವ ಮೊದಲೇ ಹೋಗಿ ವರಾಂಡದ ಬೆಂಚಿನಲ್ಲಿ ಕೂತಿದ್ದಳು. ವಕೀಲೆ ಬಂದವರೇ ಅವಳ ಮುಖ ನೋಡಿ ಪಕ್ಕದಲ್ಲಿ ಕೂತರು. ಫಿಲ್ಮಕ್ಕ ಬೆರಳು, ಚೀಟಿ, ಅಕ್ಷರ ಎಲ್ಲವನ್ನೂ ನೆಲ ನೋಡಿಕೊಂಡು ಒಪ್ಪಿಸಿದಳು. ವಕೀಲೆ ಬಾಯಿಂದ ಪೆನ್ನಿನ ಮುಚ್ಚಳ ತೆಗೆಯದೆ ಕೇಳಿಸಿಕೊಂಡರು. ಒಳ್ಳೆಯದು, ಆದರೆ ಆ ಕಡೆಯವರು ಬಿಡುವುದಿಲ್ಲ, ನಿಮ್ಮ ಬೆರಳು ಯಾವ ಮಗುವಿನ ಫಿಲ್ಮಿನಲ್ಲಿ ಬೇಕಾದರೂ ಬಂದಿರಬಹುದು, ಈ ಹುಡುಗಿಯ ಕೈಯನ್ನೇ ಹಿಡಿದಿರಿ ಎನ್ನಲು ನಿಮ್ಮ ಮಾತು ಬಿಟ್ಟು ಏನಿದೆ ಎಂದು ಕೇಳುತ್ತಾರೆ ಎಂದರು. ಒಳಗೆ ಬೇರೆ ಯಾರಾದರೂ ಇದ್ದರೇ?

ಇರಲಿಲ್ಲ ಎಂದಳು ಫಿಲ್ಮಕ್ಕ. ಆಮೇಲೆ ಅವಮಾನದಿಂದ ಇನ್ನಷ್ಟು ಕುಗ್ಗಿ, ನೋಡಿದವನು ಅವನೊಬ್ಬನೇ ಎಂದಳು.

"ಯಾರು?"

"ವಾರ್ಡನ್. ಬಾಗಿಲಲ್ಲಿ ಒಂದು ಸಣ್ಣ ಗಾಜಿದೆ, ಅದರಿಂದ ನೋಡಿದಾನೆ. ನನ್ನ ಮೇಲೆ ಕಂಪ್ಲೇಂಟ್ ಕೂಡ ಬರೆದ ಮೇಡಂ. ಅದಿನ್ನೂ ಪೆಂಡಿಂಗ್ ಇದೆ. ನಾನು ಅದಕ್ಕೆ ಉತ್ತರ ಕೊಟ್ಟಿಲ್ಲ."

ವಕೀಲೆ ಪೆನ್ನಿನ ಮುಚ್ಚಳವನ್ನು ಬಾಯಿಂದ ತೆಗೆದರು. ಫಿಲ್ಮಕ್ಕ ಅವರ ಬಾಯಿಯನ್ನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು.

ಎಕ್ಸ್‌ರೇ ಆದ ಮರುದಿನವೇ, ಇನ್ನೂ ಪೊಲೀಸರು ಬರುವ ಮೊದಲು, ವಾರ್ಡನ್ ಹಾಸ್ಟೆಲಿನ ಲೆಟರ್‌ಹೆಡ್ಡಿನಲ್ಲಿ ಆಸ್ಪತ್ರೆಯ ಸೂಪರಿಂಟೆಂಡೆಂಟರಿಗೆ ದೂರು ಕಳಿಸಿದ್ದ. ಅವನಿಗೆ ತನ್ನ ಮುಖದ ಮೇಲೆ ಬಾಗಿಲು ಹಾಕಿದ್ದನ್ನು ನುಂಗಿಕೊಳ್ಳಲು ಆಗಿರಲಿಲ್ಲ. ಸೂಪರಿಂಟೆಂಡೆಂಟರು ಅದರ ಒಂದು ಪ್ರತಿಯನ್ನು ಫಿಲ್ಮಕ್ಕನಿಗೆ ಕೊಟ್ಟು ವಿವರಣೆ ಕೇಳಿದರು. ಎರಡು ದಿನದಲ್ಲಿ ಅವನನ್ನೇ ಪೊಲೀಸರು ಕರೆದೊಯ್ದ ಮೇಲೆ ಆ ಕಾಗದವನ್ನು ಎಲ್ಲರೂ ಮರೆತರು. ಮರೆಯದೇ ಇದ್ದವಳು ಅವಳೊಬ್ಬಳು. ವಿವರಣೆಯನ್ನು ಹನ್ನೊಂದು ಸಲ ಬರೆದು ಹರಿದಿದ್ದಳು. ಇವತ್ತು ಕೇಳಬಹುದು, ನಾಳೆ ಕೇಳಬಹುದು ಎಂದು ಆ ಪ್ರತಿಯನ್ನು ಒಂದು ವರ್ಷದಿಂದ ಕೈಚೀಲದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡೇ ಓಡಾಡುತ್ತಿದ್ದಳು.

ಆ ಕವರನ್ನು ತೆಗೆದು ಕೊಟ್ಟಳು. ವಕೀಲೆ ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ಎದ್ದು, ಮೂಲ ಪ್ರತಿಯನ್ನು ತರಿಸಲು ಆಸ್ಪತ್ರೆಗೆ ಫೋನು ಮಾಡಲು ಓಡಿದರು. ಹೋಗುವಾಗ, ನಿಮ್ಮಂಥ ಪುಕ್ಕಲರು ಊರಿಗೊಬ್ಬರು ಇರಬೇಕು ಎಂದರು. ಅದು ಹೊಗಳಿಕೆಯೋ ಏನೋ ಫಿಲ್ಮಕ್ಕನಿಗೆ ತಿಳಿಯಲಿಲ್ಲ.

ಫಿಲ್ಮಕ್ಕ ಕಟಕಟೆ ಹತ್ತಿ ನಿಂತಳು. ವಾರ್ಡನ್ ಎದುರಿಗೇ ಕೂತಿದ್ದ, ಅದೇ ಬಿಳಿ ಅಂಗಿ. ಅವನ ವಕೀಲರು ಮೆಲುಮಾತಿನ ಮನುಷ್ಯ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಪ್ರಶ್ನೆ ಕೇಳಿದರು. ಫಿಲ್ಮಿನ ಮೇಲಿರುವುದು ಬಲಗೈಯ ಅಕ್ಷರ ಹೌದೋ ಅಲ್ಲವೋ?

"ಹೌದು. ತಪ್ಪಿಟ್ಟವಳು ನಾನೇ. ಅದೊಂದೇ ತಪ್ಪಲ್ಲ, ಇನ್ನೊಂದಿದೆ," ಎಂದಳು ಫಿಲ್ಮಕ್ಕ.

ಅವಳ ಧ್ವನಿ ಅಷ್ಟು ಸಣ್ಣಗಿತ್ತು, ಟೈಪಿಸ್ಟು ಕೈ ನಿಲ್ಲಿಸಿ ಮುಂದಕ್ಕೆ ಬಾಗಬೇಕಾಯಿತು. ಕೈ ಇಟ್ಟದ್ದು, ಬೆರಳು ಮೂಡಿದ್ದು, ಹೆದರಿ ಚೀಟಿ ಅಂಟಿಸಿದ್ದು ಎಲ್ಲವನ್ನೂ ಹೇಳಿದಳು. ನ್ಯಾಯಾಧೀಶರು ಕನ್ನಡಕ ಮೇಲೆತ್ತಿ ಅವಳನ್ನು ನೋಡಿದರು. ಆಮೇಲೆ ಫಿಲ್ಮನ್ನು ತರಿಸಿ, ಚೀಟಿ ಬಿಡಿಸಲು ಹೇಳಿದರು. ಕೋರ್ಟಿನ ಗುಮಾಸ್ತ ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ, ಉಗುರಿನಿಂದ ಮೆಲ್ಲಗೆ ಎತ್ತಿದ. ಚೀಟಿ ಅರ್ಧಕ್ಕೆ ಬಂದು ನಿಂತಿತು, ಅಂಟು ಗಟ್ಟಿಯಾಗಿತ್ತು. ಏನು ಮಾಡಿದರೂ ಅಚ್ಚುಕಟ್ಟಾಗಿ ಮಾಡುವ ತನ್ನ ಬುದ್ಧಿಯನ್ನು ಫಿಲ್ಮಕ್ಕ ಶಪಿಸಿಕೊಂಡಳು. ಕೊನೆಗೆ ಅದು ಕಿತ್ತು ಬಂತು. ಗುಮಾಸ್ತ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ.

ಮೂಲೆಯಲ್ಲಿ ಬೆರಳಿತ್ತು. ಮಧ್ಯದಲ್ಲಿ ತಂತಿ, ಕೂದಲೆಳೆಯಷ್ಟು ಸಣ್ಣಗೆ, ತುದಿಯಲ್ಲಿ ಕೊಂಕಿಕೊಂಡು ಬೆಳ್ಳಗೆ ಹೊಳೆಯುತ್ತಿತ್ತು.

ನ್ಯಾಯಾಧೀಶರು ಮಧ್ಯಾಹ್ನದ ಹೊತ್ತಿಗೆ ಅವಳ ಬೆರಳಿನ ಎಕ್ಸ್‌ರೇ ತೆಗೆಸಿ ತರಲು ಆದೇಶಿಸಿದರು. ಹೀಗೆ ಫಿಲ್ಮಕ್ಕ ತನ್ನ ಕೋಣೆಯಲ್ಲಿ ತಾನೇ ರೋಗಿಯಾಗಿ ಕೂತಳು. ಎರಡನೇ ಪಾಳಿಯ ಟೆಕ್ನಿಷಿಯನ್ ಹೆಂಗಸು, ನಗು ತಡೆದುಕೊಂಡು, ಎಡಗೈಯೋ ಬಲಗೈಯೋ ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಫಿಲ್ಮಕ್ಕ ಗಂಭೀರವಾಗಿ ಎಡಗೈ ಎಂದಳು. ಎರಡು ಫಿಲ್ಮಿನ ತಂತಿಯೂ ಒಂದೇ, ಕೊಂಕೂ ಒಂದೇ ಎಂದು ಮೂಳೆ ಡಾಕ್ಟರು ಬರೆದುಕೊಟ್ಟರು.

ಊಟದ ಬಿಡುವಿನ ನಂತರ ವಾರ್ಡನ್ನಿನ ವಕೀಲರು ಮತ್ತೆ ಎದ್ದರು. ಬೆರಳು ನಿಮ್ಮದೇ ಇರಲಿ, ಒಪ್ಪೋಣ. ಬೆಳಿಗ್ಗೆ ಬಂದ ಆ ಇನ್ನೊಂದು ಮಗುವಿನ ಕೈಯನ್ನೂ ನೀವೇ ಹಿಡಿದಿರಬಹುದಲ್ಲ? ಅದನ್ನು ಅವರ ತಂದೆ ಸೀಸದ ಅಂಗಿ ತೊಟ್ಟು ಹಿಡಿದಿದ್ದರು ಎಂದಳು ಫಿಲ್ಮಕ್ಕ. ಹದಿನಾರು ವರ್ಷದಲ್ಲಿ ತಾನು ಕೈ ಇಟ್ಟದ್ದು ಒಂದೇ ಸಲ, ಈ ಹುಡುಗಿಗೆ. ಅದನ್ನು ನೀವು ಹೇಳುತ್ತೀರಿ, ನೋಡಿದವರು ಯಾರು ಎಂದು ವಕೀಲರು ಕೇಳಿದರು. ಕೇಳಿ ನಸುನಕ್ಕು ಕೂತುಕೊಂಡರು.

ಆಗ ಸರ್ಕಾರಿ ವಕೀಲೆ ಎದ್ದು, ಆಸ್ಪತ್ರೆಯ ಸೀಲು ಬಿದ್ದ ಕಾಗದವನ್ನು ಮುಂದಿಟ್ಟರು. ಆ ಕಡೆಯವರು ಆಕ್ಷೇಪ ಎತ್ತಿದರು, ಒಂದಷ್ಟು ಹೊತ್ತು ವಾದ ನಡೆಯಿತು. ನ್ಯಾಯಾಧೀಶರು ಎರಡೂ ಕಡೆಯವರಿಗೆ ಓದಲು ಸಮಯ ಕೊಟ್ಟು, ಆಮೇಲೆ ತಾವೇ ಗಟ್ಟಿಯಾಗಿ ಓದಿದರು.

"ಸದರಿ ಸಿಬ್ಬಂದಿಯು ನನ್ನನ್ನು ಹೊರಗೆ ಕಳುಹಿಸಿ, ಸುರಕ್ಷತಾ ನಿಯಮಗಳನ್ನು ಗಾಳಿಗೆ ತೂರಿ, ತನ್ನ ಬರಿಗೈಯಿಂದಲೇ ಬಾಲಕಿಯ ಎಡಗೈ ಬೆರಳುಗಳನ್ನು ಹಿಡಿದು ಎಕ್ಸ್‌ರೇ ತೆಗೆದಿರುವುದನ್ನು ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ಬಾಗಿಲಿನ ಗಾಜಿನ ಮೂಲಕ ನಾನು ಖುದ್ದಾಗಿ ಕಂಡಿರುತ್ತೇನೆ."

ಕೆಳಗೆ ಸಹಿ, ದಿನಾಂಕ, ಹಾಸ್ಟೆಲಿನ ರವಾನೆ ಸಂಖ್ಯೆ. ಎಲ್ಲವೂ ನಿಯಮದ ಪ್ರಕಾರ. ಸಹಿ ನನ್ನದಲ್ಲ ಎನ್ನಲು ವಾರ್ಡನ್‌ಗೆ ದಾರಿಯೇ ಇರಲಿಲ್ಲ. ಆ ಸಂಖ್ಯೆ ಅವನದೇ ಕೈಬರಹದಲ್ಲಿ ಹಾಸ್ಟೆಲಿನ ರಿಜಿಸ್ಟರಿನಲ್ಲೂ ಇತ್ತು. ಅವನು ಜೇಬಿನಿಂದ ಕರವಸ್ತ್ರ ತೆಗೆದು, ಮಡಿಕೆ ಬಿಚ್ಚಿ, ಮತ್ತೆ ಅದೇ ಮಡಿಕೆಗೆ ಸರಿಯಾಗಿ ಮಡಚಿದ. ಅವನ ವಕೀಲರು ಅವನ ಕಡೆ ನೋಡಲೇ ಇಲ್ಲ.

ತೀರ್ಪಿಗೆ ಆರು ವಾರ ಹಿಡಿಯಿತು. ಆ ಆರು ವಾರ ಫಿಲ್ಮಕ್ಕ ಮನೆಯ ಬೀಗವನ್ನು ಎಷ್ಟು ಸಲ ಜಗ್ಗಿದಳೋ ಲೆಕ್ಕವಿಲ್ಲ. ಕನಸಿನಲ್ಲಿ ಪ್ರತಿ ಫಿಲ್ಮಿನ ಮೇಲೂ ‘ಆರ್’ ಬರುತ್ತಿತ್ತು, ಎದೆಯ ಎಕ್ಸ್‌ರೇಯ ಮೇಲೂ. ಗಂಡ ರಜೆ ಹಾಕಿ ತೀರ್ಪಿನ ದಿನ ಜೊತೆಗೆ ಬಂದ. ಹಿಂದಿನ ಬೆಂಚಿನಲ್ಲಿ ಅವರಿಬ್ಬರು, ಮುಂದಿನ ಬೆಂಚಿನಲ್ಲಿ ಹುಡುಗಿಯ ತಾಯಿ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಹುಡುಗಿಯನ್ನು ಒಳಗೆ ಕರೆತಂದಿರಲಿಲ್ಲ, ವರಾಂಡದಲ್ಲಿ ಅವಳ ಚಿಕ್ಕಮ್ಮನ ಜೊತೆ ಕೂರಿಸಿದ್ದರು.

ನ್ಯಾಯಾಧೀಶರು ಆತುರವಿಲ್ಲದೆ ಓದಿದರು. ಮಗುವಿನ ಮಾತು ನಂಬತಕ್ಕದ್ದು. ಫಿಲ್ಮು ಈ ಮಗುವಿನದೇ ಎಂಬುದಕ್ಕೆ ಆರೋಪಿಯ ಸ್ವಂತ ಪತ್ರಕ್ಕಿಂತ ಹೆಚ್ಚಿನ ಆಧಾರ ಬೇಕಿಲ್ಲ. ತನ್ನ ಆಸರೆಗೆ ಬಿಟ್ಟ ಮಗುವಿನ ಮೂಳೆಯನ್ನು ಎರಡು ಸಲ ಮುರಿದವನಿಗೆ ಕನಿಕರ ತೋರಿಸಲು ಕಾರಣ ಕಾಣುತ್ತಿಲ್ಲ. ಏಳು ವರ್ಷ ಕಠಿಣ ಶಿಕ್ಷೆ. ಬಿಡುಗಡೆಯಾದ ಮೇಲೂ ಮಕ್ಕಳಿರುವ ಯಾವ ಸಂಸ್ಥೆಯಲ್ಲೂ ಅವನು ಕೆಲಸ ಮಾಡುವಂತಿಲ್ಲ. ಆ ಹಾಸ್ಟೆಲಿನ ಉಳಿದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಡಾಕ್ಟರು ನೋಡಬೇಕು.

ಹುಡುಗಿಯ ತಾಯಿ ಅಳಲಿಲ್ಲ. ತಲೆಯನ್ನು ಹಿಂದಕ್ಕೆ ಬೆಂಚಿನ ಬೆನ್ನಿಗೆ ಆನಿಸಿ, ತುಂಬಾ ದೂರ ನಡೆದು ಬಂದವರ ಹಾಗೆ ಕೂತರು. ಫಿಲ್ಮಕ್ಕ ಬೆರಳು ಮಡಿಚಿ ಲೆಕ್ಕ ಹಾಕಿದಳು. ಈಗ ಎಂಟು. ಅವನು ಹೊರಗೆ ಬರುವಾಗ ಹುಡುಗಿಗೆ ಹದಿನೈದು. ಹದಿನೈದು ಎಂದರೆ ಬಾಗಿಲು ತಾನೇ ಹಾಕಿಕೊಳ್ಳಬಲ್ಲ ವಯಸ್ಸು.

ತೀರ್ಪಿನ ಕೊನೆಯ ಪುಟದಲ್ಲಿ ಫಿಲ್ಮಕ್ಕನ ವಿಷಯವೂ ಬಂತು. ಈ ಸಾಕ್ಷಿ ತನ್ನ ಕೆಲಸದಲ್ಲಿ ಎರಡು ತಪ್ಪು ಮಾಡಿದ್ದಾರೆ, ಒಂದನ್ನು ಮುಚ್ಚಲು ನೋಡಿದ್ದಾರೆ, ಇದನ್ನು ಆಸ್ಪತ್ರೆ ಗಮನಿಸಬೇಕು. ಆದರೆ ಸುಳ್ಳು ಹೇಳುವ ಉದ್ದೇಶವಿದ್ದವರು ತಮ್ಮ ಮೇಲೆ ತಾವೇ ಚಾಡಿ ಹೇಳಿಕೊಳ್ಳುವುದಿಲ್ಲ. ಇದನ್ನು ಕೇಳಿ ಫಿಲ್ಮಕ್ಕನಿಗೆ ಎದೆಯ ಮೇಲಿನ ಚಪ್ಪಡಿ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕೆ ಇಟ್ಟ ಹಾಗಾಯಿತು. ಬೈದರು. ಬರವಣಿಗೆಯಲ್ಲೇ ಬೈದರು. ಇನ್ನು ತನ್ನನ್ನು ತಾನೇ ಬೈದುಕೊಳ್ಳುವ ಕೆಲಸವಿಲ್ಲ. ಗಂಡ ಅವಳ ಕಿವಿಯ ಹತ್ತಿರ ಬಾಗಿ, ನೋಡು, ಎಮ್ಮೆ ಬದುಕಿದೆ ಎಂದ.

ವರಾಂಡದಲ್ಲಿ ಹುಡುಗಿ ಬೆಂಚಿನ ಮೇಲೆ ಕಾಲು ಆಡಿಸುತ್ತಾ ಕೂತಿದ್ದಳು. ತಾಯಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಏನನ್ನೋ ಹೇಳಿದರು. ಹುಡುಗಿ ಕಾಲು ಆಡಿಸುವುದನ್ನು ನಿಲ್ಲಿಸಿ, ಹಾಗಾದ್ರೆ ಬೇರೆ ಮಕ್ಕಳು ಎಂದು ಕೇಳಿದಳು. ಅವರಿಗೂ ಇನ್ನು ಹೆದರಿಕೆಯಿಲ್ಲ ಎಂದರು ತಾಯಿ. ಆಮೇಲೆ ತಾಯಿ ಎದ್ದು ಬಂದು ಫಿಲ್ಮಕ್ಕನ ಎರಡೂ ಕೈ ಹಿಡಿದರು. ಹುಡುಗಿ ಮಾತ್ರ ಆ ಕೈಗಳನ್ನು ಬಿಡಿಸಿ, ಎಡಗೈಯ ಕಿರುಬೆರಳನ್ನೇ ಹುಡುಕಿ ಹಿಡಿದಳು.

"ಇದ್ರೊಳಗೆ ತಂತಿ ಇದ್ಯಂತೆ ಹೌದಾ ಆಂಟಿ?"

"ಇದೆ ಪುಟ್ಟಾ."

"ನೋಯುತ್ತಾ?"

"ಚಳಿ ಇದ್ದಾಗ ಸ್ವಲ್ಪ."

"ನಂದೂ," ಎಂದಳು ಹುಡುಗಿ. ಆಮೇಲೆ ನ್ಯಾಯವಾಗಿ ಹೇಳಬೇಕೆಂದು, "ಈಗ ಕಮ್ಮಿ," ಎಂದು ಸೇರಿಸಿದಳು.

ಫಿಲ್ಮಕ್ಕ ಹಾಕಿದ್ದು ಅರ್ಧ ದಿನದ ರಜೆ. ಗಂಡ ಇಡೀ ದಿನ ಹಾಕಬಾರದಿತ್ತಾ ಎಂದರೂ ಕೇಳದೆ ಆಸ್ಪತ್ರೆಗೆ ಬಂದಳು. ಮೇಜಿನ ಮೇಲೆ ಅವಳ ಹೆಸರಿಗೆ ಒಂದು ಲಕೋಟೆ ಕಾಯುತ್ತಿತ್ತು. ಸೂಪರಿಂಟೆಂಡೆಂಟರ ಎಚ್ಚರಿಕೆ ಪತ್ರ: ಇನ್ನು ಮುಂದೆ ಕಿರಣದೊಳಗೆ ಕೈ ಇಡಕೂಡದು, ಅಕ್ಷರವನ್ನು ಪರಿಶೀಲಿಸಿ ಇಡತಕ್ಕದ್ದು. ಎಲ್ಲ ಸಾಲನ್ನೂ ಓದಿದಳು. ಕೆಲಸ ಉಳಿದಿತ್ತು. ಕೈಚೀಲದ ಪ್ಲಾಸ್ಟಿಕ್ ಕವರಿನಲ್ಲಿ ವರ್ಷದಿಂದ ಇದ್ದ ದೂರಿನ ಪ್ರತಿ ಈಗ ಕೋರ್ಟಿನ ಫೈಲಿನಲ್ಲಿತ್ತು. ಆ ಖಾಲಿ ಕವರಿಗೆ ಈ ಪತ್ರವನ್ನು ಹಾಕಲು ಹೋದವಳು, ಬೇಡವೆನಿಸಿ, ಡ್ರಾಯರಿಗೆ ಹಾಕಿ ಮುಚ್ಚಿದಳು.

ಮೊದಲ ರೋಗಿ ಒಬ್ಬ ಮುದುಕ, ಮಂಡಿ ನೋವು. ಮೇಜಿನ ಮೇಲೆ ಮಲಗಿಸಿ, ಎಡಗಾಲು ತಾನೇ ಅಜ್ಜಾ ಎಂದು ಕೇಳಿದಳು. ಹೌದು ಎಂದ. ಡಬ್ಬಿಯಿಂದ ‘ಎಲ್’ ಅಕ್ಷರ ತೆಗೆದು, ಬೆಳಕಿಗೆ ಹಿಡಿದು ನೋಡಿ, ಎಡಗಾಲೇ ಅಲ್ವಾ ಎಂದಳು. ಹೌದೆಂದು ತಲೆಯಾಡಿಸಿದ. ಅಕ್ಷರ ಇಟ್ಟು, ಸೀಸದ ಪರದೆಯ ಹಿಂದೆ ಹೋಗಿ, ಸ್ವಿಚ್ಚಿನ ಮೇಲೆ ಬೆರಳಿಟ್ಟು, ಮತ್ತೆ ಕತ್ತು ಹೊರಗೆ ಹಾಕಿದಳು.

"ಅಜ್ಜಾ, ಅದು ಎಡಗಾಲೇ..."

"ನಾನು ಹುಟ್ಟಿದಾಗಿಂದ ಇದು ಎಡಗಾಲೇ ಕಣಮ್ಮಾ," ಎಂದ ಮುದುಕ. "ನಡುವೆ ಎಲ್ಲೂ ಬದಲಾಯಿಸಿಲ್ಲ."

ಫಿಲ್ಮಕ್ಕ ನಕ್ಕಳು. ಎಷ್ಟು ನಕ್ಕಳೆಂದರೆ, ಕೈ ಅಲ್ಲಾಡುವುದು ನಿಲ್ಲುವವರೆಗೆ ಕಾದು ಆಮೇಲೆ ಸ್ವಿಚ್ಚು ಒತ್ತಬೇಕಾಯಿತು.